ಬೀಳಲೊಲ್ಲದ ಹೂ

"ಅವ್ವಾ, ಹೂ ಬೀಳಸೂದು ಗೂಳಪ್ಪ ಮಾಮಾನೋ, ದೇವೀನೋ?"

ಇವತ್ತು ಮುಂಜಾನೆ ಹೆಳಲು ಹಾಕಿಸಿಕೊಳ್ಳುತ್ತ ಕೂತ ಶೇವಂತಿ ಕೇಳಿದಳು. ಆರು ವರ್ಷದ ಹುಡುಗಿ. ತಲೆಯನ್ನೂ ಒಂದು ಕಡೆ ನಿಲ್ಲಿಸುವುದಿಲ್ಲ, ಬಾಯನ್ನೂ ನಿಲ್ಲಿಸುವುದಿಲ್ಲ. ಒಲೆಯ ಮೇಲೆ ರೊಟ್ಟಿ ಕರಕಾಗುತ್ತಿತ್ತು.

"ಇಬ್ರೂ ಕೂಡಿ ಬೀಳಸ್ತಾರ. ಸುಮ್ಮ ಕುಂಡ್ರು."

"ಇಬ್ರೂ ಕೂಡಿ ಹೆಂಗ ಬೇ? ನೀನೂ ಆಯಿನೂ ಕೂಡಿ ಒಂದ ರೊಟ್ಟಿ ಬಡೀತೀರೇನು?"

ಪಡಸಾಲೆಯಲ್ಲಿ ಕೂತ ಅತ್ತೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ದಾರ ಬಿಗಿದು, ಬೆನ್ನಿಗೊಂದು ಮೆಲ್ಲಗೆ ಹಾಕಿ ಎಬ್ಬಿಸಿದೆ. ಆಗ ನನಗೇನು ಗೊತ್ತು, ಅದೇ ಪ್ರಶ್ನೆ ನಮ್ಮೂರು ಬನಹಟ್ಟಿಯನ್ನೆಲ್ಲ ಸುತ್ತಿ ದೀಪ ಹಚ್ಚುವ ಹೊತ್ತಿಗೆ ನಮ್ಮ ಹೊಸ್ತಿಲಿಗೇ ಬಂದು ಕೂಡುತ್ತದೆ ಅಂತ! ಅದಕ್ಕೇ ಇವತ್ತಿನದನ್ನು ಬರೆಯುವ ಮೊದಲು ಗೂಳಪ್ಪಣ್ಣ ಯಾರು ಅನ್ನುವುದನ್ನು ಬರೆಯಬೇಕು.

ನಮ್ಮ ಓಣಿಯಲ್ಲಿ ಯಾರನ್ನಾದರೂ "ಗೂಳಪ್ಪನ ಮನಿ ಎಲ್ಲಿ?" ಅಂತ ಕೇಳಿದರೆ "ಹೂವಿನ ಗೂಳಪ್ಪಂದೇನು?" ಅಂತಾರೆ. ಹಾಗಂತ ಅವನು ಹೂ ಮಾರುವವನಲ್ಲ. ಓಣಿಯ ಮಂದಿಯ ಹಾಗೆಯೇ ನೇಕಾರ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಅವನ ಮಗ್ಗದ ಸದ್ದು ಕೇಳಿಯೇ ನಾನು ಹಾಲು ಕಾಯಿಸುವುದು. ಓಣಿಯ ತುದಿಗೆ ಬನಶಂಕರಿಯ ಚಿಕ್ಕ ಗುಡಿ ಉಂಟು. ನೇಕಾರರೇ ಕಟ್ಟಿಸಿದ್ದು, ನೇಕಾರರೇ ಪೂಜೆ ಮಾಡುವುದು. ಪೂಜೆ ಅವನ ಅಪ್ಪನಿಂದ ಅವನಿಗೆ ಬಂತು. ಹೆಂಡತಿ ಹೋಗಿ ಭಾಳ ವರ್ಷವಾಯಿತು, ಮಕ್ಕಳಿಲ್ಲ. ನಲವತ್ತೈದು ದಾಟಿದ್ದಾನೆ. ಉದ್ದನ್ನ ಮನುಷ್ಯ, ಗುಡಿಯ ಬಾಗಿಲು ಗಿಡ್ಡದಾದ್ದರಿಂದ ಎಲ್ಲರಿಗಿಂತ ಜಾಸ್ತಿ ಬಗ್ಗುವವನು ಅವನೇ. "ದೇವಿ ಬೇಕಂತ ಸಣ್ಣ ಬಾಗಲಾ ಇಟ್ಟಾಳ, ಇಂವನ ಸೊಕ್ಕು ಮುರೀಲಿ ಅಂತ" ಎಂದು ತನ್ನನ್ನೇ ಚೇಷ್ಟೆ ಮಾಡಿಕೊಳ್ಳುತ್ತಾನೆ.

ನಮ್ಮ ಮಂದಿಗೆ ಏನೇ ಸಂಶಯ ಬಂದರೂ ಹೂ ಕೇಳುವುದು ರೂಢಿ. ಹುಡುಗಿಗೆ ಈ ವರ ಆಗಬಹುದೋ, ಹೊಸ ಮಗ್ಗ ಹೂಡಬಹುದೋ, ಭಾಂವಿ ಎಲ್ಲಿ ತೋಡಬೇಕು, ಎಲ್ಲವನ್ನೂ ಕೇಳುತ್ತಾರೆ. ಗೂಳಪ್ಪಣ್ಣ ತಂಬಗಿಯ ನೀರಿನಲ್ಲಿ ಕಣಗಿಲ ಹೂವಿನ ಎರಡು ಎಸಳು ಅದ್ದಿ, ದೇವಿಯ ಎರಡು ಭುಜಕ್ಕೆ ಒಂದೊಂದು ಹಚ್ಚುತ್ತಾನೆ. ಕೇಳುವವರು ಎದುರಿಗೆ ಕೈಮುಗಿದು ಕೂಡುತ್ತಾರೆ. ದೇವಿಯ ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಒಲ್ಲೆ. ಒಮ್ಮೊಮ್ಮೆ ಅಡಿಕೆ ಅಗಿಯುವುದರೊಳಗೆ ಬೀಳುತ್ತದೆ, ಒಮ್ಮೊಮ್ಮೆ ಎರಡು ಹಾಡು ಹೇಳಿ ಮುಗಿಸಬೇಕಾಗುತ್ತದೆ. ಬೀಳುವ ತನಕ ಕೇಳಿದವರು ಏಳುವಂತಿಲ್ಲ, ಅನ್ನ ಮುಟ್ಟುವಂತಿಲ್ಲ.

ಹೋದ ವರ್ಷ ಶೇವಂತಿಗೆ ಜ್ವರ ಬಂದು ಇಳಿಯದೆ ಇದ್ದಾಗ ನಾನೂ ಕೇಳಿಸಿದ್ದೆ. ಹೂ ಬಲಕ್ಕೆ ಬಿತ್ತು. ನಾನು ಕಣ್ಣು ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದರೆ ಗೂಳಪ್ಪಣ್ಣ ಬೈದ.

"ಇನ್ನ ಇಲ್ಲೇ ಯಾಕ ನಿಂತಿ ತಂಗಿ? ಹೋಗಿ ಶುಂಠಿ-ಮೆಣಸು ಕುದಸು. ದೇವಿ ಹೂಂ ಅಂದಾಳಂತ ಒಲಿ ಆರಿಸಿ ಕುಂಡ್ರಬ್ಯಾಡ."

ಜ್ವರ ಇಳಿಯಿತು. ಇಳಿಸಿದ್ದು ಯಾರು ಅನ್ನುವುದರ ಮೇಲೆ ನಮ್ಮ ಮನೆಯಲ್ಲಿ ಇನ್ನೂ ವಾದ ನಡೆದೇ ಇದೆ. ನಮ್ಮ ಮನೆಯವರು ಕನ್ನಡ ಸಾಲಿಯ ಮಾಸ್ತರರು. ಪ್ರತಿಯೊಂದಕ್ಕೂ ಕಾರಣ ಬೇಕು ಅವರಿಗೆ. "ಶುಂಠಿ ಇಳಿಸ್ತು" ಅಂತಾರೆ. "ಶುಂಠಿ ಹುಟ್ಟಿಸಿದಾಕಿ ಯಾರಪಾ?" ಅಂತ ಅತ್ತೆಯವರು. ಗೂಳಪ್ಪಣ್ಣನನ್ನು ಕೇಳಿದರೆ "ನಾ ಹಚ್ಚತೀನಿ. ಬೀಳಸೂದು ನಾ ಅಲ್ಲ. ಇಷ್ಟ ನನಗ ಗೊತ್ತು" ಅಂದು, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದುಬಿಟ್ಟ.

ಇನ್ನೊಮ್ಮೆ ನಮ್ಮ ಓಣಿಯ ಅಮಸಿದ್ದಪ್ಪಜ್ಜನೂ ಅವನ ತಮ್ಮನೂ ಮನೆಯ ನಡುವೆ ಗೋಡೆ ಎಲ್ಲಿ ಹಾಕಬೇಕು ಅಂತ ಜಗಳಾಡಿ, ಮಗ್ಗಕ್ಕೆ ಬೆಳಕು ಯಾರ ಪಾಲಿಗೆ ಬರಬೇಕೆಂದು ಬಡಿಗೆ ಹಿಡಿದಿದ್ದರು. ಹೂ ಕೇಳಿದರು. ಬಿತ್ತು. ಇಬ್ಬರೂ ಬಡಿಗೆ ಇಟ್ಟು ಮನೆಗೆ ಹೋದರು. ಅದನ್ನು ಹೇಳುವಾಗ ಗೂಳಪ್ಪಣ್ಣನ ಮುಖ ಅರಳುತ್ತದೆ. "ನೆನೆದ ಎಸಳು ಒಣಗಿದ್ರ ಬೀಳ್ತದ, ಅದರಾಗೇನ ಪವಾಡ ಐತಿ? ಆದ್ರ ಅಮಸಿದ್ದಪ್ಪಜ್ಜ ಬಾಯಿ ಮುಚ್ಚಿದ್ನಲ್ಲ ತಂಗಿ, ಅದಕ್ಕ ಏನಂತಿ?"

ಇಂಥ ಗೂಳಪ್ಪಣ್ಣ ತನಗಾಗಿ ಒಮ್ಮೆಯೂ ಹೂ ಕೇಳಿದವನಲ್ಲ. ಈ ವರ್ಷ ಮಾತ್ರ ಪ್ರಸಂಗ ಬಂತು. ಅದರ ಹೆಸರು ಮರೆವ್ವ.

ಮರೆವ್ವ ನಮ್ಮ ಎದುರು ಮನೆಯ ಚನಮಲ್ಲಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದು ರಾಟಿ ಹಿಡಿದಳು. ಓಣಿಯ ಅರ್ಧ ಮಗ್ಗಗಳಿಗೆ, ಲಾಳಿಯಲ್ಲಿಡುವ ನೂಲಿನ ಕಂಡಿಕೆ ಸುತ್ತಿ ಕೊಡುವವಳು ಅವಳೇ. ಲಾಳಿಯೊಳಗಿನ ನೂಲು ಮುಗಿದಲ್ಲೆಲ್ಲ ಮರೆವ್ವನ ಹೆಸರು ಕೇಳುತ್ತದೆ. ಕೈಯೂ ಚುರುಕು, ನಾಲಿಗೆಯೂ ಚುರುಕು. ಗೂಳಪ್ಪಣ್ಣನ ಮಗ್ಗದ ಮೇಲೆ ಹಸಿರು ಒಡಲು, ಕೆಂಪು ದಡಿಯ ಸೀರೆಯೊಂದು ತಿಂಗಳುಗಟ್ಟಲೆಯಿಂದ ನಡೆದಿತ್ತು. ಬೇರೆ ಸೀರೆ ನೇಯ್ದು ಕೊಡಲು ಇನ್ನೊಂದು ಮಗ್ಗ ಇಟ್ಟುಕೊಂಡಿದ್ದ. ಇದಕ್ಕೆ ಮನಸ್ಸು ಬಂದ ದಿನ ಮಾತ್ರ ಕೂಡುತ್ತಿದ್ದ. ಒಂದು ಮಧ್ಯಾಹ್ನ ಗೋಡೆಯಾಚೆ ನಡೆದ ಮಾತು ನನ್ನ ಕಿವಿಗೆ ಬಿತ್ತು. ನಾನೇನು ಕಿವಿ ಮುಚ್ಚಿಕೊಳ್ಳಲಿಲ್ಲ.

"ಯಾರ ಸೀರಿ ಇದು? ಮಗ್ಗ ಬಿಟ್ಟ ಇಳಿವಲ್ದು!" ಅದು ಮರೆವ್ವ, ಕಂಡಿಕೆ ಕೊಡಲು ಬಂದವಳು.

"ಗಿರಾಕಿ ಅವಸರಾ ಮಾಡಿಲ್ಲ."

"ಗಿರಾಕಿ ಮುದುಕಿ ಆದ ಮ್ಯಾಲ ಉಡಸ್ತಿಯೇನು?"

"ಗಿರಾಕಿ ಇನ್ನ ಹೂಂ ಅಂದಿಲ್ಲ."

"ಕೇಳಿಯೇನು?"

ಲಾಳಿ ಕೈತಪ್ಪಿ ಕುಣಿಯೊಳಗೆ ಬಿದ್ದ ಸದ್ದು ಕೇಳಿತು. ಮರೆವ್ವ ನಗುತ್ತ ಹೊರಗೆ ಹೋದ ಬಳೆಯ ಸದ್ದೂ ಕೇಳಿತು.

ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕಿ ಆಗುತ್ತದೆ. ಹಿರಿಯರ ಎದುರಿಗೆ ಹೊಸ ಸೀರೆ ಉಡಿಸಿ ಕರೆದುಕೊಂಡು ಹೋದರೆ ಮುಗಿಯಿತು, ಅವಳು ಹೆಂಡತಿ. ಆದರೆ ಅಣ್ಣ ಒಪ್ಪಬೇಕು. ಚನಮಲ್ಲಪ್ಪ ಕೆಟ್ಟವನಲ್ಲ, ತಂಗಿ ಹೋದರೆ ತನ್ನ ಮಗ್ಗಗಳಿಗೆ ಕಂಡಿಕೆ ಸುತ್ತುವವರು ಯಾರು ಅನ್ನುವ ಚಿಂತೆ ಅವನಿಗೆ. ಬಾಯಿ ಬಿಟ್ಟು ಅದನ್ನು ಹೇಳಲು ನಾಚಿಕೆ. ಅದಕ್ಕೆ ಗೂಳಪ್ಪಣ್ಣ ಕೇಳಲು ಹೋದಾಗ ದೇವಿಯ ಮೇಲೆ ಹಾಕಿದ.

"ದೇವಿ ಬಲ ಕೊಟ್ರ ನಂದೇನೂ ಇಲ್ಲ, ಕರಕೊಂಡ ಹೋಗು. ಎಡ ಕೊಟ್ರ ಮತ್ತ ನನ್ನ ಕಟ್ಟಿ ಮ್ಯಾಲ ನಿನ್ನ ನೆರಳ ಬೀಳಬಾರದು ನೋಡ."

"ಹೂ ಹಚ್ಚಾವ ನಾನ ಅಲ್ಲೋ?"

"ನೀನ ಹಚ್ಚು. ಊರಿಗೆಲ್ಲಾ ಹಚ್ಚಿದಾವ ನಿನಗ ಹಚ್ಚಕೊಳ್ಳಾಕ ಅಂಜತಿ?"

ಗೂಳಪ್ಪಣ್ಣ ಒಪ್ಪಿದ. ಊರಿಗೆ ಹೇಳಿದ ಮಾತು ತನಗೂ ಹೇಳಿಕೊಳ್ಳಬೇಕಲ್ಲ ಅಂದ. ಸೀರೆ ನೇಯ್ದು ಮುಗಿದಿತ್ತು. ಕೊಯ್ಯದೆ ಮಗ್ಗದ ಮೇಲೆಯೇ ಬಿಟ್ಟಿದ್ದ. ಬಲಕ್ಕೆ ಬಿದ್ದರೆ ಮರೆವ್ವನಿಗೆ, ಎಡಕ್ಕೆ ಬಿದ್ದರೆ ಬನಶಂಕರಿಗೆ.

ಇವತ್ತು ಅದೇ ದಿನ.

ಆದರೆ ಇವತ್ತೇ ಚನಮಲ್ಲಪ್ಪನ ಹಾಸಿನ ಗಂಜಿಯ ಕೆಲಸವೂ ಬಂದಿತ್ತು. ಹಾಸು ಅಂದರೆ ಸೀರೆಯ ಉದ್ದನೆಯ ಎಳೆಗಳು. ಅವನ್ನು ಓಣಿಯುದ್ದಕ್ಕೂ ಬಿಗಿದು ಕಟ್ಟಿ, ಜೋಳದ ಗಂಜಿ ಸುರಿದು, ಕುಂಚದಿಂದ ತೀಡುತ್ತ ಹೋಗಬೇಕು. ಬಿಸಿಲೇರುವ ಮೊದಲು ಮುಗಿಯದಿದ್ದರೆ ಎಳೆಗೆ ಎಳೆ ಅಂಟಿ ಕೆಟ್ಟುಹೋಗುತ್ತದೆ. ಹೀಗಾಗಿ ಓಣಿಯಲ್ಲಿ ಹಾದು ಹೋಗುವವರು ಯಾರೇ ಇರಲಿ, ಕುಂಚ ಹಿಡಿಯಲೇಬೇಕು. ಮದುಮಗನಿಗೂ ಬಿಡುಗಡೆಯಿಲ್ಲ. ಗೂಳಪ್ಪಣ್ಣ ಭಾಂವಿಗೆ ಹೊರಟವನು ತನ್ನ ಪೂಜೆಯ ತಂಬಗಿಯನ್ನು ಕಟ್ಟೆಯ ಮೇಲಿಟ್ಟು ಕುಂಚ ಹಿಡಿದ. ನಾನೂ ಸೆರಗು ಕಟ್ಟಿ ನಿಂತೆ. ಶೇವಂತಿ ನಡುವೆ ನುಸುಳಿ ಲಂಗಕ್ಕೆಲ್ಲ ಗಂಜಿ ಮಾಡಿಕೊಂಡಳು.

"ಬಿಸಲ ಬಂತು, ಸುರೀರಿ, ಸುರೀರಿ!" ಅಂತ ಚನಮಲ್ಲಪ್ಪ ಕೂಗುತ್ತಿದ್ದ. ಗಂಜಿ ಸುರಿಯುವ ಸೌಟು ಆ ತುದಿಗೆ ಹೋಗಿತ್ತು. ಅವನು ಕೈಗೆ ಸಿಕ್ಕ ತಂಬಗಿಯನ್ನೇ ಗಡಿಗೆಗೆ ಅದ್ದಿ ಅದ್ದಿ ಸುರಿದ. ಕೆಲಸ ಮುಗಿದ ಮೇಲೆ ಅದು ಗೂಳಪ್ಪಣ್ಣನ ತಂಬಗಿ ಅಂತ ನೆನಪಾಗಿ, ಎರಡು ಸಲ ನೀರು ಕುಲುಕಿಸಿ ಚೆಲ್ಲಿ ಕೊಟ್ಟ. ಗೂಳಪ್ಪಣ್ಣ ಅವಸರದಲ್ಲಿ ಸ್ನಾನ ಮಾಡಿ, ಅದರಲ್ಲೇ ನೀರು ತುಂಬಿಕೊಂಡು ಗುಡಿಗೆ ನಡೆದ. ಆಗ ಯಾರಿಗೂ ಇದು ದೊಡ್ಡ ಸಂಗತಿ ಅನ್ನಿಸಲಿಲ್ಲ.

ಗುಡಿಯಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ಗೂಳಪ್ಪಣ್ಣನ ಮನಸ್ಸೆಲ್ಲ ಮರೆವ್ವ ಕೂತ ಕಡೆಗೇ ಇತ್ತು. ಎಸಳು ಅದ್ದುವಾಗ ಒಂದು ಕೈಜಾರಿ ತಂಬಗಿಯ ತಳಕ್ಕೇ ಹೋಯಿತು. ಬೆರಳು ಹಾಕಿ ತೆಗೆದ. ಅದೇ ಬೆರಳಿನಿಂದ ಎರಡೂ ಎಸಳು ಹಚ್ಚಿ ಹಿಂದೆ ಸರಿದು ಕೂತ. ಮರೆವ್ವ ಹೆಂಗಸರ ನಡುವೆ ತಲೆ ತಗ್ಗಿಸಿ ಕೂತಿದ್ದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಮೊದಲ ಸಲ ನೋಡಿದೆ.

ಹೂ ಬೀಳಲಿಲ್ಲ.

ಒಂದು ಹಾಡು ಆಯಿತು, ಎರಡು ಹಾಡು ಆಯಿತು. ಅತ್ತೆಯವರಿಗೆ ಬರುವ ಹಾಡೆಲ್ಲ ಮುಗಿದವು. ಹೂ ಬೀಳಲಿಲ್ಲ. ನಾನು ಮನೆಗೆ ಹೋಗಿ ಅಡುಗೆ ಮುಗಿಸಿ, ಶೇವಂತಿಗೆ ಉಣಿಸಿ ಮತ್ತೆ ಬಂದೆ. ಎಸಳು ಒಣಗಿ ಅಂಚು ಮುರುಟಿದ್ದವು, ಆದರೂ ಭುಜ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಬನಹಟ್ಟಿಯ ಮಗ್ಗಗಳೆಲ್ಲ ನಿಂತಿದ್ದವು. ಪಕ್ಕದ ರಬಕವಿಯಿಂದಲೂ ಮಂದಿ ಬರತೊಡಗಿದರು. ರಬಕವಿ ಸಾಂಗ್ಲಿ ಸಂಸ್ಥಾನದ್ದು, ನಾವು ಜಮಖಂಡಿಯವರು. ನಮ್ಮ ಓಣಿಯ ಹುಡುಗರು ಎದೆ ಉಬ್ಬಿಸಿ "ಬರ್ರಿ, ನಿಮ್ಮ ಸಂಸ್ಥಾನದಾಗ ಇಂಥಾದ್ದ ಐತೇನ ನೋಡ್ರಿ" ಅಂತ ದಾರಿ ಬಿಡುತ್ತಿದ್ದರು. ಯಾರೋ ತೆಂಗಿನಕಾಯಿ ಮಾರುವವಳು ಬುಟ್ಟಿ ತಂದು ಇಳಿಸಿಯೂ ಆಗಿತ್ತು.

"ಪವಾಡ!" ಅಂದ ಅಮಸಿದ್ದಪ್ಪಜ್ಜ, ಕಂಬಕ್ಕೆ ಒರಗಿ. ಓಣಿಗೆ ಹಿರಿಯ ಅವನೇ. "ನನ್ನ ಆಯುಷ್ಯದಾಗ ಹಿಂಗ ಕಂಡಿಲ್ಲ. ದೇವಿ ಗೂಳಪ್ಪನ ಹೂ ಬಿಡವಲ್ಲಳು ಅಂದ್ರ ಗೂಳಪ್ಪನ್ನೂ ಬಿಡವಲ್ಲಳು. ಇಂವ ಸಂಸಾರಕ್ಕ ಹುಟ್ಟಿದಾವಲ್ಲ, ಗುಡಿಗೆ ಹುಟ್ಟಿದಾವ. ಇಂವಗ ಉಡಿಕಿ-ಗಿಡಿಕಿ ಬ್ಯಾಡ."

ಚನಮಲ್ಲಪ್ಪ ಗೋಣು ಹಾಕಿದ. ಯಾರೋ ಗೂಳಪ್ಪಣ್ಣನ ಕೊರಳಿಗೆ ಮಾಲೆ ಹಾಕಿದರು. ರಬಕವಿಯಿಂದ ಬಂದ ಹೆಂಗಸೊಬ್ಬಳು ಕಾಲು ಮುಟ್ಟಿ "ಅಜ್ಜಾರ, ನನ್ನ ಸೊಸಿಗೆ ಆಶೀರ್ವಾದ ಮಾಡ್ರಿ" ಅಂದಳು. ಮುಂಜಾನೆ ಮದುಮಗನಾಗಬೇಕು ಅಂತ ಬಂದವನು ಮಧ್ಯಾಹ್ನಕ್ಕೆ ಮಠದ ಸ್ವಾಮಿಗಳ ಹಾಗೆ ಅಜ್ಜಾರು ಆಗಿ ಕೂತಿದ್ದ. ಅನ್ನ-ನೀರಿಲ್ಲದ ಮುಖ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಕಣ್ಣು ಮಾತ್ರ ಮರೆವ್ವ ಕೂತ ಮೂಲೆಯ ಕಡೆ.

ತೇರದಾಳದ ಜಿನ್ನಪ್ಪ ಸಾವಕಾರರು ನೂಲು ಇಳಿಸಲು ಬಂದವರು ಮಗ್ಗ ನಿಂತದ್ದು ಯಾಕೆಂದು ನೋಡಲು ಗುಡಿಯ ಬಾಗಿಲಿಗೆ ಬಂದರು. ಜೈನರು; ಚಪ್ಪಲಿ ಬಿಟ್ಟು ಹೊರಗೇ ನಿಂತು ಕೈಮುಗಿದರು. ನಮ್ಮ ಮನೆಯವರೂ ಸಾಲಿ ಬಿಟ್ಟು ಆಗಷ್ಟೇ ಬಂದಿದ್ದರು.

"ಏನ ಅಂತೀರಿ ಸಾವಕಾರ್ರ, ಪವಾಡ ಆಗಾಕತ್ತೇತಿ" ಅಂದರು ಇವರು.

"ಮಾಸ್ತರ, ನಮ್ಮ ದೇವರ ಕೈ ಮ್ಯಾಲ ಕೈ ಇಟ್ಟ ಕುಂತಾನ್ರಿ. ಯಾರ ಹೂವೂ ಹಿಡಿಯಂಗಿಲ್ಲ, ಯಾರ ಹೂವೂ ಬಿಡಂಗಿಲ್ಲ."

"ಯಾಕ್ರೀ, ಅಷ್ಟ ಶಕ್ತಿ ಇಲ್ಲೇನು ನಿಮ್ಮ ದೇವರಿಗೆ?" ಅತ್ತೆಯವರು ಕೆಣಕಿದರು.

"ಶಕ್ತಿ ಐತ್ರೆವ್ವ, ಆಸೆ ಇಲ್ಲ. ಏನರೆ ಬೇಕು ಅನ್ನಾವ ಕೈ ಹಾಕ್ತಾನ. ಎಲ್ಲಾ ಬಿಟ್ಟಾವ ಯಾತಕ್ಕ ಕೈ ಹಾಕ್ಯಾನು?"

"ಹಂಗಾದ್ರ ಬೇಡಿಕೊಂಡ ಏನ ಉಪಯೋಗ?"

"ಬೇಡಿಕೊಂಡ್ರ ನಾವ ಸ್ವಲ್ಪ ಛಲೋ ಆಗ್ತೀವಿ. ಅದೇನ ಸಣ್ಣದೇನ್ರಿ?"

ಅತ್ತೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಮಕ್ಕಳ ಅತ್ರ ತಾಯಿ ಸುಮ್ಮ ಕುಂಡ್ರತಾಳೇನ್ರಿ? ನಮ್ಮ ದೇವಿ ತಾಯಿ. ದಿನಾ ನಡೆಸೂದೆಲ್ಲಾ ಅಕಿನ. ನಾವ ಕಿವುಡರಾದಾಗ ಅಷ್ಟ ಗಟ್ಟಿ ದನಿ ತಗೀತಾಳ, ಅದಕ್ಕ ನೀವು ಪವಾಡ ಅಂತೀರಿ."

"ಕಾರಣ ಸಿಕ್ಕಿಲ್ಲ ಅಂದ್ರ ಕಾರಣ ಇಲ್ಲ ಅಂತಲ್ಲವ್ವಾ" ಅಂದರು ಇವರು. "ಹುಡುಕಬೇಕು."

"ಹುಡುಕು. ನಿನ್ನ ಕನ್ನಡಕ ಎಲ್ಲಿ ಐತಿ ಅಂತ ಮೊದಲ ಹುಡುಕು" ಅಂದರು ಅತ್ತೆಯವರು. ಕನ್ನಡಕ ಇವರ ತಲೆಯ ಮೇಲೆಯೇ ಇತ್ತು. ಮಾಲೆ ಹಾಕಿಕೊಂಡು ಕೂತ ಹೊಸ ಅಜ್ಜಾರು ಕೂಡ ನಕ್ಕರು.

ಆಗ ಶೇವಂತಿ ಚೀರಿದಳು. ಇರುವೆ ಕಚ್ಚಿತ್ತು. ಕಾಲು ಎತ್ತಿ ನೋಡಿದರೆ ಲಂಗದ ಅಂಚಿಗೆಲ್ಲ ಕೆಂಪಿರುವೆ. ಮುಂಜಾನೆ ಹತ್ತಿದ ಗಂಜಿ ಒಣಗಿ ಬೆಳ್ಳಗೆ ಹೆಪ್ಪಾಗಿತ್ತು. ತೊಳೆಯುವ ಪುರಸೊತ್ತು ನನಗೆ ಸಿಕ್ಕಿರಲಿಲ್ಲ. ಲಂಗ ಝಾಡಿಸುತ್ತಿದ್ದಾಗ ಅತ್ತೆಯವರು ದೇವಿಯ ಕಡೆ ಬೆರಳು ಮಾಡಿ ಅಂದರು: "ನೋಡವ್ವಾ, ಇರವಿ ಸೈತ ದರ್ಶನಕ್ಕ ಬಂದಾವ."

ನೋಡಿದೆ. ದೇವಿಯ ಪೀಠದಿಂದ ಭುಜದ ತನಕ ಇರುವೆಯ ಸಾಲು. ಎರಡೂ ಎಸಳಿನ ಸುತ್ತ ಗುಂಪು ಗುಂಪು. ನನ್ನ ಕೈಯಲ್ಲಿ ಲಂಗದ ಅಂಚು, ಕಣ್ಣೆದುರಿಗೆ ಆ ಸಾಲು. ಚನಮಲ್ಲಪ್ಪ ತಂಬಗಿಯನ್ನು ಗಡಿಗೆಗೆ ಅದ್ದಿದ್ದು, ಎಸಳು ತಳಕ್ಕೆ ಜಾರಿದ್ದು, ಎಲ್ಲ ಒಮ್ಮೆಲೇ ನೆನಪಾಗಿ ನಗು ಉಕ್ಕಿ ಬಂತು. ಬಾಯಿಗೆ ಸೆರಗು ತುರುಕಿಕೊಂಡೆ.

ನಗು ಇಳಿದ ಮೇಲೆ ಅಂಜಿಕೆ ಬಂತು. ಹೇಳಿದರೆ "ಎಡ ಬೀಳಬಾರದಂತ ಗಂಜಿ ಹಚ್ಚಿ ಅಂಟಿಸ್ಯಾನ" ಅಂತ ಗೂಳಪ್ಪಣ್ಣನ ಮೇಲೆ ಬರುತ್ತದೆ. ಹೇಳದೆ ಬಿಟ್ಟರೆ ಅವನನ್ನು ಅಜ್ಜಾರು ಮಾಡಿ ಗುಡಿಯಲ್ಲಿ ಕೂಡಿಸುತ್ತಾರೆ, ಆ ಹಸಿರು ಸೀರೆ ಮಗ್ಗದ ಮೇಲೆಯೇ ಮಾಸುತ್ತದೆ. ಇದು ನಾನು ಬಯಲು ಮಾಡುವ ಮಾತಲ್ಲ, ಅವನೇ ಮಾಡಬೇಕು ಅನ್ನಿಸಿತು. ಕಾಲು ಮುಟ್ಟುವ ಹೆಂಗಸರ ಸಾಲಿನಲ್ಲಿ ನಾನೂ ಹೋಗಿ ಬಗ್ಗಿ ಮೆಲ್ಲಗೆ ಅಂದೆ: "ಅಣ್ಣಾ, ತಂಬಗಿ ತಳಾ ಮುಟ್ಟಿ ನೋಡು."

ಅವನು ತಂಬಗಿ ಎಳೆದುಕೊಂಡು ಬೆರಳು ಬಿಟ್ಟ. ಬೆರಳು ಹೊರಗೆ ತೆಗೆದು ಹೆಬ್ಬೆರಳಿಗೆ ಒತ್ತಿ ಬಿಡಿಸಿದ. ನೇಕಾರನ ಬೆರಳು, ಅದಕ್ಕೆ ಗಂಜಿಯ ಗುರುತು ಹೇಳಿಕೊಡಬೇಕಾಗಿಲ್ಲ. ಆಮೇಲೆ ಕೊರಳಿನ ಮಾಲೆ ತೆಗೆದು ಅಮಸಿದ್ದಪ್ಪಜ್ಜನ ಕೊರಳಿಗೆ ಹಾಕಿ ಎದ್ದು ನಿಂತ. ತಲೆ ಗುಡಿಯ ತೊಲೆಗೆ ಬಡಿಯಿತು.

"ಏ, ಎಲ್ಲಾರೂ ಮನೀಗೆ ನಡೀರೋ! ದೇವಿ ಹೂ ಹಿಡಿದಿಲ್ಲ. ಚನಮಲ್ಲನ ಗಂಜಿ ಹಿಡದೇತಿ!"

ಗುಡಿಯಲ್ಲಿ ಒಮ್ಮೆಗೇ ಗದ್ದಲ. ಗೂಳಪ್ಪಣ್ಣ ತಂಬಗಿ ಬೋರಲು ಹಾಕಿ ತೋರಿಸಿದ. ತಳದ ಗಂಜಿ ತುಂಡು ತುಂಡಾಗಿ ಕೆಳಗೆ ಬಿತ್ತು. ಹುಡುಗರು ನಕ್ಕರು. ದೊಡ್ಡವರಿಗೆ ನಗಲು ಮನಸ್ಸಿಲ್ಲ. ಒಂದು ಸಲ ಸಿಕ್ಕ ಪವಾಡವನ್ನು ಯಾರು ಬಿಟ್ಟುಕೊಡುತ್ತಾರೆ?

"ಗಂಜಿ ಹಚ್ಚಿಸಿದಾಕಿನೂ ದೇವೀನ" ಅಂದ ಅಮಸಿದ್ದಪ್ಪಜ್ಜ, ಮಾಲೆ ಸರಿ ಮಾಡಿಕೊಳ್ಳುತ್ತ.

"ಗಂಜಿ ಹಚ್ಚಿದಾವ ಇಂವನ!" ಚನಮಲ್ಲಪ್ಪ ಗೂಳಪ್ಪಣ್ಣನ ಕಡೆ ಕೈ ಚಾಚಿದ. "ಎಡ ಬಿದ್ದೀತಂತ ಅಂಜಿ ಹಚ್ಚ್ಯಾನ!"

ನನಗೆ ತಡೆಯಲಾಗಲಿಲ್ಲ. "ಯಣ್ಣಾ, ಮುಂಜಾನಿ ತಂಬಗಿಲೇ ಗಂಜಿ ಸುರದಾವ ಯಾರು? ನಾ ಬಾಜೂಕ ಕುಂಚ ಹಿಡಕೊಂಡ ನಿಂತಿದ್ದೆ."

"ತೊಳದ ಕೊಟ್ಟೇನಿ!"

ಮೂಲೆಯಿಂದ ಮರೆವ್ವ ತಲೆ ಎತ್ತಿದಳು. "ನೀ ತೊಳದ್ಯೋ, ಕುಲುಕಿಸಿದ್ಯೋ? ನಿನ್ನ ಉಂಡ ತಾಟ ನಾ ದಿನಾ ತಿಕ್ಕತೀನಿ, ನನಗ ಗೊತ್ತಿಲ್ಲೇನು ನಿನ್ನ ತೊಳಿಯೂದು?"

ಈಗ ಗುಡಿಯೆಲ್ಲ ನಕ್ಕಿತು. ಜಿನ್ನಪ್ಪ ಸಾವಕಾರರು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡರು. ಚನಮಲ್ಲಪ್ಪನ ಕಿವಿ ಕೆಂಪಾದವು. ಆದರೂ ಹಟ ಬಿಡಲಿಲ್ಲ. "ಆತು. ತಂಬಗಿ ನಂದ ತಪ್ಪು. ಆದ್ರ ದೇವಿ ಇನ್ನ ಏನೂ ಹೇಳಿಲ್ಲ. ಮತ್ತ ಹಚ್ಚಲಿ."

"ನಾ ಏನ ಕಣಗಿಲ ಎಸಳೇನು, ಬಲಕ್ಕ ಬೀಳು ಎಡಕ್ಕ ಬೀಳು ಅನ್ನಾಕ?" ಮರೆವ್ವ ಎದ್ದೇಬಿಟ್ಟಳು. "ನನ್ನ ಒಬ್ರರೆ ಕೇಳೀರಿ? ನಾ ಯಾವಾಗೋ ಬಿದ್ದೇನಿ, ಬಲಕ್ಕ!"

ಹೇಳಿದ ಮೇಲೆ ತಾನು ಹೇಳಿದ್ದೇನು ಅನ್ನುವುದು ಅವಳಿಗೆ ತಿಳಿಯಿತು. ಸೆರಗು ಮುಖಕ್ಕೆ ಎಳೆದುಕೊಂಡು ಗುಡಿಯಿಂದ ಓಡಿದಳು. ಗೂಳಪ್ಪಣ್ಣ ಅವಳು ಹೋದ ಬಾಗಿಲನ್ನೇ ನೋಡುತ್ತ ನಿಂತ. ಅವನ ಮುಖ ನೋಡಿ ಅತ್ತೆಯವರು ನನ್ನ ಕಿವಿಯಲ್ಲಿ ಅಂದರು: "ಪವಾಡ ಬೇಕಿತ್ತಲ್ಲ ಮಂದಿಗೆ, ಮರೆವ್ವ ನಾಚಿಕೊಂಡ್ಳು. ಇದಕ್ಕಿಂತ ದೊಡ್ಡದ ಯಾವುದು?"

ನಾನಂದುಕೊಂಡೆ, ಇಲ್ಲಿಗೆ ಮುಗಿಯಿತು, ನಾಳೆಯೇ ಉಡಿಕಿ. ಮುಗಿಯಲಿಲ್ಲ. ಎಸಳು ಬಿಡಿಸಿ ದೇವಿಗೆ ನೀರೆರೆದು, ಗೂಳಪ್ಪಣ್ಣನೇ ಎಲ್ಲರ ಎದುರಿಗೆ ಹೇಳಿದ, ನಾಳೆ ಮುಂಜಾನೆ ಮತ್ತೆ ಹೂ ಅಂತ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಗೆ ಬಂದ. ಹೊಸ್ತಿಲ ಹೊರಗೇ ಕೂತ. ಅತ್ತೆಯವರು ರೊಟ್ಟಿ, ಬದನೇಕಾಯಿ ಪಲ್ಲೆ, ಮೊಸರು ತಂದಿಟ್ಟರು, ಮುಂಜಾನೆಯಿಂದ ಉಂಡಿರಲಿಲ್ಲ. ಅರ್ಧ ರೊಟ್ಟಿ ತಿಂದು ಕೈ ನಿಲ್ಲಿಸಿದ.

"ಯಾಕಣ್ಣಾ, ಮರೆವ್ವ ಬಾಯಿಬಿಟ್ಟ ಹೇಳಿದ್ಳಲ್ಲ. ಇನ್ನ ಹೂ ಯಾಕ ಬೇಕು?" ಅಂದೆ.

"ಅಕಿ ಹೇಳಿದ್ದು ನನಗ ಸಾಕು ತಂಗಿ. ಆದ್ರ ಊರ ಮಂದೀಗೆ ಇಷ್ಟ ವರ್ಷ ಹೂ ಹೇಳಿದ್ಹಂಗ ಕೇಳ್ರಿ ಅಂತ ಹೇಳ್ಕೋತ ಬಂದೆ. ಎಡ ಬಿದ್ದಾಗ ಎಷ್ಟೋ ಮಂದಿ ಕಣ್ಣೀರ ಹಾಕಿ ಎದ್ದ ಹೋದ್ರು. ನನ್ನ ಪಾಳಿ ಬಂದಾಗ ಹೂ ಯಾಕ ಅಂದ್ರ, ಅವರ ಮಾರೀ ಹೆಂಗ ನೋಡ್ಲಿ?"

"ಎಡ ಬಿದ್ರ?"

ಅವನು ರೊಟ್ಟಿಯ ಚೂರನ್ನು ಮೊಸರಲ್ಲಿ ಹೊರಳಿಸಿದ. ಒಳಗೆ ಕೂತ ನಮ್ಮ ಮನೆಯವರು ಕೇಳಿದರು, "ಖರೆ ಹೇಳು ಗೂಳಪ್ಪ. ಹೂ ಬೀಳಸಾಕಿ ದೇವಿ ಅಂತ ನೀ ನಂಬತೀಯೋ?"

"ಮಾಸ್ತರ, ಗಾಳಿ ಬೀಳಸ್ತದೋ, ಬಿಸಲು ಬೀಳಸ್ತದೋ, ದೇವಿ ಬೀಳಸ್ತಾಳೋ, ನನಗ ಗೊತ್ತಿಲ್ರಿ. ಆದ್ರ ನಾ ಬೀಳಸಂಗಿಲ್ಲ, ಅದೊಂದು ಗೊತ್ತಿತ್ತು. ಅದರ ಮ್ಯಾಲ ನಿಂತ ಇಷ್ಟ ದಿನ ಪೂಜಿ ಮಾಡೇನಿ. ಇವತ್ತ ಆ ಸಾವಕಾರ್ರು ಒಂದ ಮಾತ ಅಂದ್ರು ನೋಡ್ರಿ, ಬೇಕು ಅನ್ನಾವ ಕೈ ಹಾಕ್ತಾನ ಅಂತ. ಮಂದೀ ಸಲುವಾಗಿ ಹಚ್ಚುವಾಗ ನನಗೇನೂ ಬೇಕಿರಲಿಲ್ಲ, ಕೈ ಖಾಲಿ ಇತ್ತು. ಇವತ್ತ ಈ ಕೈಗೆ ಮರೆವ್ವ ಬೇಕಾಗ್ಯಾಳ. ಆ ಕಲ್ಲಿನ ಯಾವ ಜಾಗಾ ನುಣುಪು, ಯಾವ ಜಾಗಾ ಒರಟು, ನನ್ನ ಬೆರಳಿಗೆ ಕಣ್ಣ ಮುಚ್ಚಿದ್ರೂ ಗೊತ್ತು. ನಾ ಬ್ಯಾಡ ಅಂದ್ರೂ ಬೆರಳು ತಮ್ಮದನ್ನ ತಾವ ಮಾಡತಾವ. ಹಂಗ ಬಲಕ್ಕ ಬಿದ್ರ ಅದು ದೇವಿ ಕೊಟ್ಟಿದ್ದಲ್ಲ, ನಾ ಕದ್ದದ್ದು. ಕದ್ದ ತಂದ ಸೀರಿ ಅಕಿಗೆ ಉಡಸ್ಲೇನು?"

ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡರು. ಇಂಥ ಹೊತ್ತಿನಲ್ಲಿ ಅವರು ಅದನ್ನೇ ಮಾಡುವುದು.

ಶೇವಂತಿ ನನ್ನ ಬೆನ್ನಿಗೆ ಜೋತುಬಿದ್ದು ಕೇಳಿದಳು: "ಮಾಮಾ, ಹಂಗಾದ್ರ ಹೂ ಯಾರ ಹಚ್ಚತಾರ?"

"ಅದನ್ನ ಕೇಳಾಕ ಬಂದೇನಿ ನನ್ನವ್ವಾ." ಅವನು ತಾಟು ಬದಿಗೆ ಸರಿಸಿ ನನ್ನ ಕಡೆ ತಿರುಗಿದ. "ತಂಗಿ, ನಾಳೆ ನೀ ಹಚ್ಚು."

"ನಾನ? ಹೆಂಗಸರು ಹಚ್ಚಿದ್ದ ಎಲ್ಲೆರೆ ಐತೇನಣ್ಣಾ?"

"ಹಚ್ಚಿಸಿಕೊಳ್ಳಾಕಿ ಗಂಡಸೇನು?" ಅಂದರು ಅತ್ತೆಯವರು, ಗೂಳಪ್ಪಣ್ಣನಿಗಿಂತ ಮೊದಲೇ.

"ಚನಮಲ್ಲಪ್ಪ ಒಪ್ಪಬೇಕಲ್ಲ."

"ಒಪ್ಪ್ಯಾನ. ಅವನ್ನ ಕೇಳಿನ ಬಂದೇನಿ. 'ಮಾಸ್ತರ ಹೆಂಡ್ತಿ ತಂಬಗಿ ಮಾತಿನಾಗ ನನ್ನ ಮಾನ ತಗದಾಕಿ, ಸುಳ್ಳ ಹಚ್ಚಾಕಿ ಅಲ್ಲ' ಅಂದ."

"ಅಣ್ಣಾ, ನನಗೂ ಬಲಕ್ಕ ಬೀಳಲಿ ಅಂತ ಐತಿ."

"ಇರ್ಲಿ. ನಿನಗ ಆ ಕಲ್ಲು ಗೊತ್ತಿಲ್ಲ. ಎಲ್ಲಿ ಒರಟು, ಎಲ್ಲಿ ನುಣುಪು ಅಂತ ನಾ ಹೇಳಂಗೂ ಇಲ್ಲ. ಹೇಳಾಕ ಬಾಯಿ ತಗದ್ರ ಕಿವಿ ಮುಚ್ಚಿಕೋ. ಕಣ್ಣ ಮುಚ್ಚಿ ಹಚ್ಚು, ಶೇವಂತಿಗೆ ಕುಂಕುಮ ಹಚ್ಚಿದ್ಹಂಗ."

ಅವನು ಎದ್ದ. ಹೊರಟವನು ನಮ್ಮ ಬಾಗಿಲಿಗೂ ಬಗ್ಗಿ ಒಳಗೆ ತಲೆ ಹಾಕಿದ. ಹೆಂಗಸರು ಸೆರಗಿನ ಮರೆಯಿಂದ ತೆಗೆಯುವ ಹಾಗೆ ಪಂಜೆಯ ಮಡಿಕೆಯಿಂದ ತನ್ನ ತಂಬಗಿ ತೆಗೆದು ನನ್ನ ಕೈಗೆ ಕೊಟ್ಟ. ಮುಖ ಗಂಭೀರವಾಗಿಯೇ ಇತ್ತು, ಕಣ್ಣು ಮಾತ್ರ ನಗುತ್ತಿದ್ದವು.

"ಇನ್ನೊಂದು ಕೆಲಸ ಐತಿ ತಂಗಿ. ಹುಣಸಿಹಣ್ಣ ಹಾಕಿ ಇದನ್ನ ನೀನ ತಿಕ್ಕು. ತಳದ ತನಕಾ ಕೈ ಹಾಕಿ ತಿಕ್ಕು. ಯಾವ ಗಂಡಸರ ಕೈಯಾಗೂ ಕೊಡಬ್ಯಾಡ."